ಬಾಗಿಲು ಒಡೆಯುವ ನಿಯಮಗಳು: ಫ್ಯಾಂಟಸಿ ಆರ್‌ಪಿಜಿ (ಪಾತ್ರ ವಹಿಸಿ ಆಡುವ ಆಟ) ನಡೆಸುವವರಿಗೆ ಸಮಗ್ರ ಮಾರ್ಗದರ್ಶಿ

ನೆಲಮಾಳಿಗೆಯ ಓಣಿಯ ತುದಿಯಲ್ಲಿ ಬೀಗ ಹಾಕಿದ ಬಾಗಿಲು. ಆಟಗಾರ ಹೇಳುತ್ತಾನೆ: "ಒದ್ದು ಒಡೆಯುತ್ತೇನೆ." ಇಪ್ಪತ್ತು ಮುಖದ ದಾಳ ಉರುಳುತ್ತದೆ, ಏಳು ಬೀಳುತ್ತದೆ. "ಬಾಗಿಲು ಅಲುಗಲಿಲ್ಲ." "ಹಾಗಾದರೆ ಇನ್ನೊಮ್ಮೆ ಒದೆಯುತ್ತೇನೆ." ಒಂಬತ್ತು. "ಇನ್ನೊಮ್ಮೆ." ನಾಲ್ಕು. ಅಷ್ಟರಲ್ಲಿ ಮೇಜಿನ ಆಚೆ ಬದಿಯಲ್ಲಿ ಕುಳಿತವರ ಕೈಗೆ ಮೊಬೈಲ್ ಬಂದಿರುತ್ತದೆ. ಐದನೆಯ ಸಲ ಹದಿನೆಂಟು ಬಿದ್ದು ಬಾಗಿಲು ಒಡೆದಾಗ ಯಾರ ಮುಖವೂ ಅರಳುವುದಿಲ್ಲ.

ನಾನು ಗೇಮ್ ಮಾಸ್ಟರ್ ಆಗಿ, ಅಂದರೆ ಕಥೆ ಹೇಳುತ್ತ ಆಟ ನಡೆಸುವ ಸ್ಥಾನದಲ್ಲಿ, ಕುಳಿತ ಮೊದಲ ವರ್ಷ ಇಂಥ ಬಾಗಿಲುಗಳನ್ನು ಬಹಳ ಇಟ್ಟಿದ್ದೆ. ಒಂದು ಸಂಜೆಯಂತೂ ಇಡೀ ಕಥೆ ಒಂದೇ ಒಂದು ಕಲ್ಲಿನ ಬಾಗಿಲಿನ ಮುಂದೆ ನಿಂತುಬಿಟ್ಟಿತು. ಅದನ್ನು ತೆರೆಯುವಷ್ಟು ಬಲ ಯಾರ ಪಾತ್ರಕ್ಕೂ ಇರಲಿಲ್ಲ, ಬೇರೆ ದಾರಿಯನ್ನು ನಾನು ಯೋಚಿಸಿಯೇ ಇರಲಿಲ್ಲ. ಆಮೇಲೆ ಬೇರೆ ಬೇರೆ ಆಟಗಳ ನಿಯಮಪುಸ್ತಕಗಳಲ್ಲಿ ಈ ಭಾಗವನ್ನು ಹುಡುಕಿ ಓದುತ್ತ ಹೋದಾಗ ಒಂದು ಸಂಗತಿ ಮನದಟ್ಟಾಯಿತು. ಬಾಗಿಲಿಗೆ ಕೊಟ್ಟ ಅಂಕಗಳೆಲ್ಲ ಕೊನೆಗೆ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತವೆ: ಇದು ಒಡೆಯುವ ಹೊತ್ತಿಗೆ ಎಷ್ಟು ಸಮಯ ಕಳೆದಿರುತ್ತದೆ, ಯಾರಿಗೆಲ್ಲ ಕೇಳಿಸಿರುತ್ತದೆ? ಈ ಪ್ರಶ್ನೆಗೆ ಉತ್ತರವಿದ್ದರೆ ನಿಯಮಗಳು ಆಟಕ್ಕೆ ಜೀವ ತುಂಬುತ್ತವೆ. ಇಲ್ಲದಿದ್ದರೆ ಎಂಥ ಒಳ್ಳೆಯ ಕೋಷ್ಟಕವೂ ದಾಳ ಉರುಳಿಸುವ ಶ್ರಮವಷ್ಟೇ.

ಮೊದಲ ಹೆಜ್ಜೆ: ದಾಳ ಬೇಕೇ ಎಂದು ನೋಡಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ&ಡಿ) ಎಂಬ ಆಟದ ಐದನೆಯ ಆವೃತ್ತಿಯನ್ನೇ ತೆಗೆದುಕೊಳ್ಳಿ. ಬಾಗಿಲಿನ ಡಿಸಿ, ಅಂದರೆ ದಾಳದ ಮೊತ್ತ ಮುಟ್ಟಬೇಕಾದ ಅಂಕ, 15 ಎಂದಿಟ್ಟುಕೊಳ್ಳೋಣ. ಪಾತ್ರದ ಬಲದ ಬೋನಸ್ 3. ದಾಳದಲ್ಲಿ 12 ಅಥವಾ ಹೆಚ್ಚು ಬೀಳಬೇಕು, ಅಂದರೆ ಗೆಲ್ಲುವ ಅವಕಾಶ ಶೇ. 45. ಐದು ಸಲ ಪ್ರಯತ್ನಿಸಲು ಬಿಟ್ಟರೆ ಅದು ಶೇ. 95ಕ್ಕೆ ಏರುತ್ತದೆ. ಎಷ್ಟು ಸಲ ಬೇಕಾದರೂ ಪ್ರಯತ್ನಿಸಬಹುದು ಎಂದಾದರೆ ಫಲಿತಾಂಶ ಮೊದಲೇ ಗೊತ್ತಿರುವಂಥದ್ದು. ಗೊತ್ತಿರುವುದಕ್ಕೆ ದಾಳ ಯಾಕೆ?

ಆಟ ರೂಪಿಸಿದವರಿಗೂ ಇದು ಗೊತ್ತಿತ್ತು. ಡಿ&ಡಿಯ ಮೂರನೆಯ ಆವೃತ್ತಿಯಲ್ಲಿ 'ಇಪ್ಪತ್ತು ತೆಗೆದುಕೊಳ್ಳುವ' ನಿಯಮವಿದೆ: ಸೋತರೆ ಅಪಾಯವಿಲ್ಲದ ಕೆಲಸಕ್ಕೆ ಇಪ್ಪತ್ತು ಪಟ್ಟು ಸಮಯ ಕೊಟ್ಟರೆ ದಾಳದಲ್ಲಿ 20 ಬಿದ್ದಂತೆಯೇ ಲೆಕ್ಕ. ಆರು ಸೆಕೆಂಡಿನ ಒಂದು ಸುತ್ತಿನ ಕೆಲಸವಾದರೆ ಎರಡು ನಿಮಿಷ. 2014ರ ಐದನೆಯ ಆವೃತ್ತಿಯಲ್ಲಿ ಹತ್ತು ಪಟ್ಟು ಸಮಯ ಕೊಟ್ಟವರು ತಾನಾಗಿಯೇ ಗೆಲ್ಲುತ್ತಾರೆ ಎಂಬ ಸಲಹೆ ಇದೆ. ಅಸಾಧ್ಯವಾದುದು ಎಷ್ಟು ಸಮಯ ಕೊಟ್ಟರೂ ಅಸಾಧ್ಯವೇ.

ಆದ್ದರಿಂದ ಆಟಗಾರರು "ಒಡೆಯುತ್ತೇನೆ" ಎಂದ ತಕ್ಷಣ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಈಗ ಸಮಯದ ಒತ್ತಡ ಇದೆಯೇ? ಸದ್ದು ಕೇಳಿ ಬರುವವರು ಹತ್ತಿರದಲ್ಲಿ ಇದ್ದಾರೆಯೇ? ಒಡೆಯುವಾಗ ಹಾಳಾಗಬಹುದಾದ ಬೆಲೆಬಾಳುವ ವಸ್ತು ಏನಾದರೂ ಇದೆಯೇ? ಮೂರಕ್ಕೂ ಇಲ್ಲ ಎಂದಾದರೆ ದಾಳ ಮುಟ್ಟಬೇಡಿ. "ಎರಡು ನಿಮಿಷ ಕೊಡಲಿ ಬೀಸಿದ ಮೇಲೆ ಬಾಗಿಲು ಸೀಳಿತು, ಒಳಗೆ ಹೀಗಿದೆ" ಎಂದು ಕಥೆಯನ್ನು ಮುಂದಕ್ಕೆ ನಡೆಸಿ. ಒಂದಕ್ಕಾದರೂ ಹೌದು ಎಂದಾದರೆ ಮುಂದಿನ ಹೆಜ್ಜೆಗಳು ಕೆಲಸಕ್ಕೆ ಬರುತ್ತವೆ.

ಎರಡನೆಯ ಹೆಜ್ಜೆ: ಬಾಗಿಲನ್ನು ಮೊದಲು ಕಟ್ಟಿ, ಆಮೇಲೆ ಒಡೆಯಲು ಬಿಡಿ

ನನ್ನ ಮಟ್ಟಿಗೆ ಇಡೀ ವಿಷಯದ ಹೃದಯ ಇಲ್ಲಿದೆ. ಬಾಗಿಲು ಎಂದರೆ ಒಂದು ಹಲಗೆಯಲ್ಲ. ಕದ, ಚೌಕಟ್ಟು, ಕೀಲು, ಚಿಲಕ, ಬೀಗ, ಹಿಂದೆ ಅಡ್ಡ ಹಾಕಿದ ಅಗುಳಿ, ಕೆಳಗೆ ಹೊಸ್ತಿಲು, ಎಲ್ಲ ಸೇರಿದರೆ ಬಾಗಿಲು. ಇವುಗಳಲ್ಲಿ ಯಾವುದು ಸೋತರೂ ದಾರಿ ತೆರೆಯುತ್ತದೆ. ಆಟಗಾರರಿಗೆ ಬರೀ 'ಬಾಗಿಲು' ಎಂದು ಹೇಳಿದರೆ ಅವರು ಒದೆಯುತ್ತಾರೆ. ಕೀಲು ತುಕ್ಕು ಹಿಡಿದಿದೆ, ಕದದ ಕೆಳಗೆ ಬೆರಳು ತೂರುವಷ್ಟು ಸಂದು ಇದೆ ಎಂದು ಹೇಳಿ ನೋಡಿ, ಅವರ ತಲೆ ಓಡತೊಡಗುತ್ತದೆ.

ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂಬುದನ್ನು ಎಂದಿಗೂ ಮರೆಯಬೇಡಿ. ಕೀಲಿನ ಗಂಟುಗಳು ನಿಮ್ಮ ಕಡೆ ಕಾಣುತ್ತಿದ್ದರೆ ಕದ ಸಾಮಾನ್ಯವಾಗಿ ನಿಮ್ಮ ಕಡೆಗೇ ತೆರೆಯುತ್ತದೆ. ಅಂಥ ಬಾಗಿಲಿಗೆ ಭುಜ ಕೊಟ್ಟು ಗುದ್ದಿದರೆ ಕದ ಚೌಕಟ್ಟಿನ ಅಂಚಿಗೆ ಇನ್ನಷ್ಟು ಒತ್ತಿಕೊಳ್ಳುತ್ತದೆ, ಪೆಟ್ಟಿನ ಭಾರವನ್ನೆಲ್ಲ ಗೋಡೆಯೇ ಹೊರುತ್ತದೆ. ಅಲ್ಲಿ ಬೇಕಾದದ್ದು ಹಾರೆ: ಬೀಗದ ಹತ್ತಿರದ ಸಂದಿಗೆ ತುದಿ ತೂರಿಸಿ ಮೀಟಬೇಕು. ಆದರೆ ಆ ಬಾಗಿಲಿನ ಕೀಲಿನ ಕಡ್ಡಿ ನಿಮ್ಮ ಕೈಗೆ ಸಿಗುತ್ತದೆ, ಉಳಿ ಮತ್ತು ಸುತ್ತಿಗೆ ಇದ್ದರೆ ಅದನ್ನು ಹೊಡೆದು ಹೊರತೆಗೆಯಬಹುದು. ಕದ ಆಚೆಗೆ ತೆರೆಯುವುದಾದರೆ ಕೀಲು ಕಾಣುವುದಿಲ್ಲ, ಆದರೆ ಒದೆತ ಕೆಲಸ ಮಾಡುತ್ತದೆ. ಒದೆಯಬೇಕಾದದ್ದು ಕದದ ನಡುವೆ ಅಲ್ಲ, ಬೀಗದ ಪಕ್ಕದಲ್ಲಿ. ಮರದ ಬಾಗಿಲು ಒದೆತಕ್ಕೆ ಸೋಲುವಾಗ ಹಲವು ಸಲ ಮೊದಲು ಸೀಳುವುದು ಚಿಲಕದ ನಾಲಗೆ ಕೂತಿರುವ ಚೌಕಟ್ಟಿನ ಮರ.

ಡಿ&ಡಿಯ 3.5 ಆವೃತ್ತಿ ಇದನ್ನೆಲ್ಲ ಅಂಕಗಳಲ್ಲಿ ಹಿಡಿಯಲು ಪ್ರಯತ್ನಿಸಿತು. ಅದರಲ್ಲಿ ಕೀಲಿಗೆ ಗಡಸುತನ (ಪ್ರತಿ ಏಟಿನ ಹಾನಿಯಿಂದ ಕಳೆಯುವ ಅಂಕ) 10, ಹಿಟ್ ಪಾಯಿಂಟ್ (ನಾಶವಾಗುವ ಮುನ್ನ ತಾಳಬಲ್ಲ ಹಾನಿ) 30. ಬೀಗಕ್ಕೆ ಗಡಸುತನ 15, ಹಿಟ್ ಪಾಯಿಂಟ್ 30. ಸಾಧಾರಣ ಮರದ ಕದಕ್ಕೆ ಗಡಸುತನ 5, ಹಿಟ್ ಪಾಯಿಂಟ್ 10 ಮಾತ್ರ. ಮರದ ಬಾಗಿಲಿನಲ್ಲಿ ಬೀಗಕ್ಕೆ ಕೊಡಲಿ ಬೀಸುವುದು ವ್ಯರ್ಥ ಎಂಬುದು ಈ ಅಂಕಗಳಿಂದಲೇ ಗೊತ್ತಾಗುತ್ತದೆ. ಕಬ್ಬಿಣದ ಬಾಗಿಲಾದರೆ ಲೆಕ್ಕ ತಿರುಗುಮುರುಗು: ಕದಕ್ಕೆ ಗಡಸುತನ 10, ಹಿಟ್ ಪಾಯಿಂಟ್ 60. ಆಗ 30 ಹಿಟ್ ಪಾಯಿಂಟಿನ ಕೀಲಿನ ಮೇಲೆ ಕಣ್ಣು ಹಾಕುವುದೇ ಜಾಣತನ.

ನಾನು ಈಗ ಪ್ರತಿ ಮುಖ್ಯ ಬಾಗಿಲಿಗೂ ಟಿಪ್ಪಣಿ ಪುಸ್ತಕದಲ್ಲಿ ಮೂರು ವಾಕ್ಯ ಬರೆದುಕೊಳ್ಳುತ್ತೇನೆ: ಒಂದು, ಯಾವುದರಿಂದ ಮಾಡಿದ್ದು, ಎಷ್ಟು ದಪ್ಪ; ಎರಡು, ಯಾವ ಕಡೆಗೆ ತೆರೆಯುತ್ತದೆ, ಯಾವುದು ಹಿಡಿದಿಟ್ಟಿದೆ; ಮೂರು, ಎಲ್ಲಿ ದುರ್ಬಲ. ಮೂರನೆಯದನ್ನು ಖಾಲಿ ಬಿಡಬೇಡಿ. ಆ ಕಲ್ಲಿನ ಬಾಗಿಲಿನ ಸಂಜೆ ನನ್ನ ಬಳಿ ಇಲ್ಲದೆ ಹೋದದ್ದು ಅದೇ ವಾಕ್ಯ.

ಮೂರನೆಯ ಹೆಜ್ಜೆ: ಒಂದೇ ಏಟೋ, ಹಲವು ಏಟೋ ನಿರ್ಧರಿಸಿ

ಬಾಗಿಲು ಒಡೆಯುವ ಅತಿ ಹಳೆಯ ನಿಯಮ ತುಂಬ ಸರಳ. 1974ರ ಮೊದಲ ಡಿ&ಡಿಯಲ್ಲಿ ಆರು ಮುಖದ ದಾಳದಲ್ಲಿ 1 ಅಥವಾ 2 ಬಿದ್ದರೆ ಬಾಗಿಲು ತೆರೆಯುತ್ತದೆ. ಗಾತ್ರದಲ್ಲಿ ಚಿಕ್ಕವರಿಗೆ 1 ಬೀಳಬೇಕು. ಮೂವರು ಒಟ್ಟಿಗೆ ತಳ್ಳಬಹುದು, ಆದರೆ ಹಾಗೆ ತಳ್ಳಿದವರು ಆಚೆ ಏನಿದ್ದರೂ ತಕ್ಷಣ ಅದಕ್ಕೆ ಎದುರಾಗಿ ನಿಲ್ಲಲಾರರು. ಈ ಕೊನೆಯ ಮಾತು ನನಗೆ ತುಂಬ ಇಷ್ಟ. ಇಷ್ಟು ಚಿಕ್ಕ ನಿಯಮದೊಳಗೂ ಒಂದು ಬೆಲೆ ಅಡಗಿದೆ. 1981ರ ಬೇಸಿಕ್ ನಿಯಮಗಳು ಇದನ್ನು ಬಲದ ಅಂಕಕ್ಕೆ ಜೋಡಿಸಿದವು: ಬಲ 9ರಿಂದ 12 ಇದ್ದವರಿಗೆ ಆರರಲ್ಲಿ ಎರಡು, 18 ಇದ್ದವರಿಗೆ ಆರರಲ್ಲಿ ಐದು ಅವಕಾಶ.

ಇದು ಒಂದೇ ಏಟಿನ ವಿಧಾನ. ಬಲದ ದಾಳ ಉರುಳಿಸಿ, ಗೆದ್ದರೆ ಬಾಗಿಲು ಒಮ್ಮೆಲೇ ಹಾರಿಹೋಗುತ್ತದೆ. ಬೆನ್ನಟ್ಟಿ ಬರುವವರಿದ್ದಾಗ, ಒಳಗಿರುವವರನ್ನು ಬೆಚ್ಚಿಬೀಳಿಸಬೇಕಾದಾಗ ಇದೇ ಸರಿ. 3.5 ಆವೃತ್ತಿಯಲ್ಲಿ ಬೀಗ ಹಾಕಿದ ಸಾಧಾರಣ ಮರದ ಬಾಗಿಲಿಗೆ ಡಿಸಿ 15, ಒಳ್ಳೆಯ ಮರದ ಬಾಗಿಲಿಗೆ 18, ಗಟ್ಟಿ ಮರದ ಬಾಗಿಲಿಗೆ 25, ಕಲ್ಲು ಅಥವಾ ಕಬ್ಬಿಣಕ್ಕೆ 28. ಬಲದ ಬೋನಸ್ 3 ಇರುವವರು ದಾಳದಲ್ಲಿ 20 ಹಾಕಿದರೂ 23 ದಾಟುವುದಿಲ್ಲ, ಗಟ್ಟಿ ಮರದ ಬಾಗಿಲು ಅವರ ಒದೆತಕ್ಕೆ ಎಂದೂ ಬೀಳುವುದಿಲ್ಲ. ಇಂಥ ಲೆಕ್ಕವನ್ನು ಆಟಕ್ಕೆ ಮುಂಚೆಯೇ ಮಾಡಿಟ್ಟುಕೊಳ್ಳಬೇಕು.

ಹಲವು ಏಟಿನ ವಿಧಾನದಲ್ಲಿ ಬಾಗಿಲನ್ನು ಶತ್ರುವಿನಂತೆ ಹೊಡೆದು ಅದರ ಹಿಟ್ ಪಾಯಿಂಟ್ ಇಳಿಸುತ್ತ ಹೋಗುತ್ತೀರಿ. ಒಳಗಿರುವವರಿಗೆ ಸಿದ್ಧರಾಗಲು ಸಮಯ ಸಿಗುತ್ತದೆ, ಹೊರಗಿರುವವರಿಗೆ ಪ್ರತಿ ಏಟಿಗೂ ಮನಸ್ಸು ಬದಲಿಸುವ ಅವಕಾಶ ಸಿಗುತ್ತದೆ. ಉದ್ವೇಗ ಬೇಕಾದ ಕಡೆ ನಾನು ಇದನ್ನೇ ಆರಿಸುತ್ತೇನೆ.

ಮೂರನೆಯದೂ ಒಂದಿದೆ: ಬಿಚ್ಚುವುದು. 3.5ರಲ್ಲಿ ಕೀಲು ತಮ್ಮ ಕಡೆ ಇದ್ದರೆ ಯಂತ್ರಗಳನ್ನು ನಿಷ್ಕ್ರಿಯಗೊಳಿಸುವ ಕೌಶಲದಿಂದ, ಡಿಸಿ 20ಕ್ಕೆ, ಒಂದೊಂದಾಗಿ ಕಳಚಬಹುದು. ಕೀಲುಗಳು ಸಾಮಾನ್ಯವಾಗಿ ತುಕ್ಕು ಹಿಡಿದಿರುತ್ತವೆ ಎಂಬುದೇ ಡಿಸಿ ಅಷ್ಟು ಹೆಚ್ಚಿರಲು ಕಾರಣ. ಸದ್ದು ಕಡಿಮೆ, ಸಮಯ ಹೆಚ್ಚು.

ನಾಲ್ಕನೆಯ ಹೆಜ್ಜೆ: ನಿಮ್ಮ ಆಟದ ಅಂಕಗಳ ಸ್ವಭಾವ ತಿಳಿದುಕೊಳ್ಳಿ

ಒಂದೇ ಮರದ ಬಾಗಿಲು ಬೇರೆ ಬೇರೆ ಆಟಗಳಲ್ಲಿ ಬೇರೆ ಬೇರೆಯಾಗಿ ನಡೆದುಕೊಳ್ಳುತ್ತದೆ. ಅಂಕಗಳನ್ನು ಒಂದು ಆಟದಿಂದ ಇನ್ನೊಂದಕ್ಕೆ ಎತ್ತಿಕೊಂಡು ಹೋಗುವವರು ಎಡವುವುದು ಇಲ್ಲೇ.

3.5ರಲ್ಲಿ ಮುಖ್ಯವಾದದ್ದು ಗಡಸುತನ. ಪ್ರತಿ ಏಟಿನ ಹಾನಿಯಿಂದ ಅಷ್ಟನ್ನು ಕಳೆಯಬೇಕು, ಉಳಿದದ್ದು ಮಾತ್ರ ವಸ್ತುವಿಗೆ ತಾಗುತ್ತದೆ. ಗಾಜಿಗೆ 1, ಮರಕ್ಕೆ 5, ಕಲ್ಲಿಗೆ 8, ಕಬ್ಬಿಣಕ್ಕೆ 10, ಕಾಲ್ಪನಿಕ ಲೋಹಗಳಾದ ಮಿಥ್ರಲ್‌ಗೆ 15, ಅಡಮಂಟೈನ್‌ಗೆ 20. ಹಿಟ್ ಪಾಯಿಂಟ್ ದಪ್ಪದ ಮೇಲೆ ನಿಂತಿದೆ: ಪ್ರತಿ ಅಂಗುಲಕ್ಕೆ ಮರ 10, ಕಲ್ಲು 15, ಕಬ್ಬಿಣ 30. ಎರಡು ಅಂಗುಲದ ಗಟ್ಟಿ ಮರದ ಬಾಗಿಲಿಗೆ 20 ಹಿಟ್ ಪಾಯಿಂಟ್. ಹನ್ನೆರಡು ಮುಖದ ದಾಳದ ದೊಡ್ಡ ಕೊಡಲಿ, ಮೇಲೆ 4 ಬೋನಸ್ ಇದ್ದರೆ ಗಡಸುತನ ಕಳೆದು ಸರಾಸರಿ ಐದೂವರೆ ಹಾನಿ ಒಳಹೋಗುತ್ತದೆ, ನಾಲ್ಕು ಏಟಿಗೆ ಬಾಗಿಲು ಮುಗಿಯಿತು. ಬೋನಸ್ ಇಲ್ಲದ ನಾಲ್ಕು ಮುಖದ ದಾಳದ ಬಾಕು ಅದೇ ಬಾಗಿಲನ್ನು ವರ್ಷಗಟ್ಟಲೆ ಕೆರೆದರೂ ಅಂಕದಲ್ಲಿ ಏನೂ ಆಗುವುದಿಲ್ಲ. ತಾಗಿಸುವುದು ಕಷ್ಟವಲ್ಲ. ಅಲುಗಾಡದ ವಸ್ತುವಿಗೆ ಇಡೀ ಸುತ್ತನ್ನು ಕೊಟ್ಟು ಗುರಿಯಿಟ್ಟರೆ ಕೈಯಲ್ಲಿರುವ ಆಯುಧ ತಾನಾಗಿಯೇ ತಾಗುತ್ತದೆ.

ಐದನೆಯ ಆವೃತ್ತಿ ಗಡಸುತನವನ್ನು ಕೈಬಿಟ್ಟು ಆ ಕೆಲಸವನ್ನು ಆರ್ಮರ್ ಕ್ಲಾಸ್‌ಗೆ ಒಪ್ಪಿಸಿತು, ಅಂದರೆ ಏಟು ತಾಗಲು ದಾಳದ ಮೊತ್ತ ಮುಟ್ಟಬೇಕಾದ ಅಂಕಕ್ಕೆ. 2014ರ ಪುಸ್ತಕದ ಪ್ರಕಾರ ಬಟ್ಟೆ, ಕಾಗದ, ಹಗ್ಗಕ್ಕೆ 11, ಗಾಜು ಮತ್ತು ಮಂಜುಗಡ್ಡೆಗೆ 13, ಮರ ಮತ್ತು ಮೂಳೆಗೆ 15, ಕಲ್ಲಿಗೆ 17, ಕಬ್ಬಿಣ ಮತ್ತು ಉಕ್ಕಿಗೆ 19, ಮಿಥ್ರಲ್‌ಗೆ 21, ಅಡಮಂಟೈನ್‌ಗೆ 23. ಹಿಟ್ ಪಾಯಿಂಟ್ ಗಾತ್ರವನ್ನು ನೋಡುತ್ತದೆ: ಗಟ್ಟಿಮುಟ್ಟಾದ ಪುಟ್ಟ ವಸ್ತುವಿಗೆ ಸರಾಸರಿ 5, ಚಿಕ್ಕದಕ್ಕೆ 10, ಮಧ್ಯಮಕ್ಕೆ 18, ದೊಡ್ಡದಕ್ಕೆ 27. ನಾಜೂಕಾದವುಗಳಿಗೆ ಇದೇ ಕ್ರಮದಲ್ಲಿ 2, 3, 4, 5. ವಿಷ ಮತ್ತು ಮನಸ್ಸಿಗೆ ತಾಗುವ ಹಾನಿ ವಸ್ತುಗಳಿಗೆ ತಗಲುವುದಿಲ್ಲ. ಇದರಲ್ಲೊಂದು ತೊಡಕಿದೆ: ಬಾಕು ಹಿಡಿದವರೂ ಸಾಕಷ್ಟು ಸಲ ಚುಚ್ಚಿದರೆ ಕಲ್ಲಿನ ಗೋಡೆಯನ್ನೂ ಕೆಡವಬಹುದು ಎಂದಾಗುತ್ತದೆ. ಅದಕ್ಕೆಂದೇ 'ಹಾನಿಯ ಹೊಸ್ತಿಲು' ಇದೆ. ಹೊಸ್ತಿಲು 10 ಎಂದರೆ ಒಂದೇ ಏಟಿನ ಹಾನಿ 10 ಮುಟ್ಟದಿದ್ದರೆ ಏನೂ ಆಗುವುದಿಲ್ಲ, ಮುಟ್ಟಿದರೆ ಪೂರ್ತಿ ಹಾನಿ ಆಗುತ್ತದೆ. ಗಡಸುತನದಂತೆ ಕಳೆಯುವ ಲೆಕ್ಕ ಇಲ್ಲಿಲ್ಲ. ಇವೆರಡನ್ನೂ ಗೊಂದಲ ಮಾಡಿಕೊಂಡವರನ್ನು ತುಂಬ ನೋಡಿದ್ದೇನೆ. ಪುಸ್ತಕ ಇದನ್ನು ಕೋಟೆ ಗೋಡೆಯಂಥ ಭಾರಿ ವಸ್ತುಗಳಿಗೆ ಇಟ್ಟಿದೆ. ನಾನು ಕಬ್ಬಿಣದ ಬಾಗಿಲಿಗೂ ಹಚ್ಚುತ್ತೇನೆ.

ಪಾತ್‌ಫೈಂಡರ್ ಎಂಬ ಇನ್ನೊಂದು ಆಟದ ಎರಡನೆಯ ಆವೃತ್ತಿ, 2019ರದು, ಗಡಸುತನವನ್ನು ಉಳಿಸಿಕೊಂಡು ಅದರ ಜೊತೆಗೆ 'ಮುರಿದ ಸ್ಥಿತಿ'ಯನ್ನು ತಂದಿತು. ಮರದ ಬಾಗಿಲಿಗೆ ಗಡಸುತನ 10, ಹಿಟ್ ಪಾಯಿಂಟ್ 40. ಅರ್ಧಕ್ಕೆ, ಅಂದರೆ 20ಕ್ಕೆ ಇಳಿದರೆ ಅದು ಮುರಿದಂತೆ. ಸೊನ್ನೆಗೆ ಇಳಿದರೆ ನಾಶ. ಕಬ್ಬಿಣದ ಬಾಗಿಲಿಗೆ ಗಡಸುತನ 18, ಹಿಟ್ ಪಾಯಿಂಟ್ 72. ಮೇಲೆ ಹೇಳಿದ ಅದೇ ಕೊಡಲಿಯಿಂದ ಈ ಮರದ ಬಾಗಿಲನ್ನು ಕಡಿದರೆ ಒಂದು ಏಟಿಗೆ ಸರಾಸರಿ ಎರಡು ಹಾನಿಯೂ ಒಳಹೋಗುವುದಿಲ್ಲ, ಮುರಿಯುವುದಕ್ಕೇ ಹನ್ನೊಂದು ಹನ್ನೆರಡು ಏಟು ಬೇಕು. ಆಟ ಇಲ್ಲಿ ನಿಮ್ಮನ್ನು ಅಥ್ಲೆಟಿಕ್ಸ್ ಕೌಶಲದಿಂದ ಬಲವಂತವಾಗಿ ತೆರೆಯುವ ಕಡೆಗೆ ತಳ್ಳುತ್ತಿದೆ: ಮರದ ಬಾಗಿಲಿಗೆ ಡಿಸಿ 20, ಕಬ್ಬಿಣಕ್ಕೆ 30. ಭಾರಿ ಗೆಲುವಾದರೆ ಬಾಗಿಲು ಹಾಳಾಗದೆ ತೆರೆಯುತ್ತದೆ, ಸಾಧಾರಣ ಗೆಲುವಾದರೆ ಮುರಿದು ತೆರೆಯುತ್ತದೆ. ಭಾರಿ ಸೋಲಾದರೆ ಬಾಗಿಲು ಸಿಕ್ಕಿಹಾಕಿಕೊಂಡು ಮುಂದಿನ ಪ್ರಯತ್ನಗಳಿಗೆಲ್ಲ 2 ಅಂಕ ಕಡಿತ. ಸೋಲಿಗೂ ಗೆಲುವಿಗೂ ಒಂದೊಂದು ಮೆಟ್ಟಿಲು ಹೆಚ್ಚಿಸಿದ ಈ ನಿಯಮವನ್ನು ಬೇರೆ ಆಟ ಆಡುವವರೂ ಧಾರಾಳವಾಗಿ ಎರವಲು ಪಡೆಯಬಹುದು.

ಐದನೆಯ ಹೆಜ್ಜೆ: ಕೈಯಲ್ಲಿ ಏನಿದೆ ಎಂದು ಕೇಳಿ

ಪಾತ್ರಗಳ ಚೀಲದಲ್ಲಿ ಹಾರೆ ಇರುತ್ತದೆ, ಯಾರೂ ಅದನ್ನು ಹೊರತೆಗೆಯುವುದೇ ಇಲ್ಲ. ಐದನೆಯ ಆವೃತ್ತಿಯಲ್ಲಿ ಮೀಟಲು ಸಾಧ್ಯವಿರುವ ಕಡೆ ಹಾರೆ ಅಡ್ವಾಂಟೇಜ್ ಕೊಡುತ್ತದೆ, ಅಂದರೆ ಎರಡು ದಾಳದಲ್ಲಿ ದೊಡ್ಡದನ್ನು ಹಿಡಿಯಬಹುದು. ಬಾಗಿಲು ಗುದ್ದುವ ದಿಮ್ಮಿ 2014ರ ನಿಯಮದಲ್ಲಿ ಬಲದ ದಾಳಕ್ಕೆ 4 ಸೇರಿಸುತ್ತದೆ, ಇನ್ನೊಬ್ಬರು ಕೈಜೋಡಿಸಿದರೆ ಅಡ್ವಾಂಟೇಜ್ ಕೂಡ ಸಿಗುತ್ತದೆ. ಮೊದಲ ಉದಾಹರಣೆಯ ಶೇ. 45ರ ಅವಕಾಶ ದಿಮ್ಮಿಯಿಂದ 65ಕ್ಕೆ, ಜೊತೆಗಾರರಿದ್ದರೆ ಸುಮಾರು 88ಕ್ಕೆ ಏರುತ್ತದೆ. ಪಾತ್‌ಫೈಂಡರ್‌ನಲ್ಲಿ ಹಾರೆ ಇಲ್ಲದಿದ್ದರೆ 2 ಅಂಕ ಕಡಿತ. ಬೋನಸ್ 7 ಇರುವವರಿಗೆ ಡಿಸಿ 20ರ ಬಾಗಿಲಿನಲ್ಲಿ ಗೆಲುವು ಶೇ. 40ರಿಂದ 30ಕ್ಕೆ ಇಳಿಯುತ್ತದೆ, ಭಾರಿ ಸೋಲು 15ರಿಂದ 25ಕ್ಕೆ ಏರುತ್ತದೆ.

ಯಾವ ಹಾನಿ ಯಾವುದಕ್ಕೆ ತಾಗುತ್ತದೆ ಎಂಬುದರಲ್ಲಿ 3.5 ಬಹಳ ನಿಖರ. ಆಮ್ಲ ಮತ್ತು ಶಬ್ದದ ಹಾನಿ ಪೂರ್ತಿ, ಬೆಂಕಿ ಮತ್ತು ಮಿಂಚು ಅರ್ಧ, ಚಳಿ ಕಾಲುಭಾಗ. ಬಾಣದಂತೆ ದೂರದಿಂದ ಬರುವ ಆಯುಧವೂ ಅರ್ಧ. ಮೊದಲು ಭಾಗಿಸಿ, ಆಮೇಲೆ ಗಡಸುತನ ಕಳೆಯಬೇಕು. ಬೆಂಕಿಯ ಮಂತ್ರ 22 ಹಾನಿ ಮಾಡಿದರೆ ಮರದ ಬಾಗಿಲಿಗೆ ತಾಗುವುದು 11ರಲ್ಲಿ 5 ಕಳೆದು 6. ಐದನೆಯ ಆವೃತ್ತಿಯಲ್ಲಿ ಇಷ್ಟು ಪಟ್ಟಿ ಇಲ್ಲ, ವಿವೇಕಕ್ಕೆ ಬಿಟ್ಟಿದ್ದಾರೆ. ಹಗ್ಗಕ್ಕೆ ಸುತ್ತಿಗೆ ಪೆಟ್ಟು, ಕಲ್ಲಿಗೆ ಕತ್ತಿಯ ಅಲಗು ನಡೆಯುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿಬಿಡಿ. ಆದರೆ ಇದನ್ನು ದಾಳ ಉರುಳಿಸುವ ಮುಂಚೆಯೇ ಹೇಳಬೇಕು. ಏಟು ಬಿದ್ದ ಮೇಲೆ ಹೇಳಿದರೆ ಆಟಗಾರರಿಗೆ ಮೋಸ ಹೋದಂತೆ ಅನಿಸುತ್ತದೆ, ಅದು ನ್ಯಾಯವೂ ಹೌದು.

ಆರನೆಯ ಹೆಜ್ಜೆ: ಸದ್ದಿಗೆ ದಾಳ ಇಡಿ

ನಿಯಮಪುಸ್ತಕಗಳು ಅಷ್ಟಾಗಿ ಗಮನ ಕೊಡದ, ಆದರೆ ಮೇಜಿನ ಮೇಲೆ ಅತಿ ಹೆಚ್ಚು ಕೆಲಸ ಮಾಡುವ ಸಂಗತಿ ಸದ್ದು. ನಾನು ಬಳಸುವ ವಿಧಾನ ಹೀಗಿದೆ. ಪ್ರತಿ ಜೋರಾದ ಏಟಿನ ನಂತರ ಎಲ್ಲರಿಗೂ ಕಾಣುವಂತೆ ಆರು ಮುಖದ ದಾಳ ಉರುಳಿಸುತ್ತೇನೆ. ಮೊದಲ ಏಟಿಗೆ 1 ಬಿದ್ದರೆ ಯಾರಿಗೋ ಕೇಳಿಸಿತು. ಎರಡನೆಯ ಏಟಿಗೆ 1 ಅಥವಾ 2. ಮೂರನೆಯದಕ್ಕೆ 3ರವರೆಗೆ. ಹೀಗೆ ಪ್ರತಿ ಏಟಿಗೂ ಒಂದೊಂದು ಸೇರುತ್ತದೆ. ಮೂರು ಏಟು ಮುಗಿಯುವಷ್ಟರಲ್ಲಿ ಯಾರಿಗಾದರೂ ಕೇಳಿಸಿರುವ ಸಾಧ್ಯತೆ ಸುಮಾರು ಶೇ. 72, ನಾಲ್ಕಕ್ಕೆ ಸುಮಾರು 91. ಕೊಡಲಿಗೆ ದಪ್ಪ ಬಟ್ಟೆ ಸುತ್ತಿದರೆ, ಹೊರಗೆ ಗುಡುಗು ಇದ್ದರೆ ಒಂದು ಏಟನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸುತ್ತಮುತ್ತ ಯಾರಿದ್ದಾರೆ, ಕೇಳಿಸಿದರೆ ಏನು ಮಾಡುತ್ತಾರೆ ಎಂಬುದನ್ನು ಮಾತ್ರ ಮೊದಲೇ ಬರೆದಿಟ್ಟುಕೊಳ್ಳಬೇಕು. ಓಡಿಬರಲೇಬೇಕೆಂದಿಲ್ಲ. ದೀಪ ಆರಿಸಿ ಕತ್ತಲಲ್ಲಿ ಕಾಯುವುದು ಎಷ್ಟೋ ಸಲ ಹೆಚ್ಚು ಭಯ ಹುಟ್ಟಿಸುತ್ತದೆ.

ಒಂದು ಬಾಗಿಲನ್ನು ಹತ್ತಿರದಿಂದ ನೋಡೋಣ. ಐದನೆಯ ಆವೃತ್ತಿ, ಎರಡು ಅಂಗುಲ ದಪ್ಪದ ಮರದ ಕದ, ಹಿಂದೆ ಅಗುಳಿ. ಆರ್ಮರ್ ಕ್ಲಾಸ್ 15, ಹಿಟ್ ಪಾಯಿಂಟ್ 18. ಯೋಧೆಯ ಪಾತ್ರಕ್ಕೆ ತಾಗಿಸಲು ಬೋನಸ್ 5, ಕೊಡಲಿಯ ಹಾನಿ ಹನ್ನೆರಡು ಮುಖದ ದಾಳ ಮತ್ತು 3.

ಮೊದಲ ಏಟು: 14 ಬಿದ್ದು 19 ಆಯಿತು, ತಾಗಿತು. ಹಾನಿ 8 ಮತ್ತು 3, ಒಟ್ಟು 11. ಉಳಿದದ್ದು 7. ಇಲ್ಲಿ "ಬಾಗಿಲಿಗೆ ಏಳು ಉಳಿದಿದೆ" ಎಂದು ಹೇಳಿ ಸುಮ್ಮನಾಗಬೇಡಿ. "ನಡುವಿನ ಹಲಗೆ ಉದ್ದಕ್ಕೆ ಸೀಳಿದೆ. ಅಂಗೈ ತೂರುವಷ್ಟು ಬಿರುಕು. ಆಚೆ ಮೇಣದಬತ್ತಿಯ ಬೆಳಕು ಕಾಣುತ್ತಿದೆ." ಸದ್ದಿನ ದಾಳ 4. ಯಾರಿಗೂ ಇನ್ನೂ ಕೇಳಿಸಿಲ್ಲ, ಯಾರೂ ಅಲುಗಿಲ್ಲ.

ಎರಡನೆಯ ಏಟು: 3 ಬಿದ್ದು 8, ತಪ್ಪಿತು. ನಿಂತ ಬಾಗಿಲಿಗೆ ಏಟು ತಪ್ಪುವುದೆಂದರೇನು? ಅಲಗು ಕಬ್ಬಿಣದ ಪಟ್ಟಿಗೆ ಬಡಿದು ಜಾರಿತು, ಮೊಣಕೈವರೆಗೆ ಜುಮ್ಮೆಂದಿತು. ಸದ್ದಿನ ದಾಳ 2. ಕೇಳಿಸಿತು. "ಬಿರುಕಿನಲ್ಲಿ ಕಾಣುತ್ತಿದ್ದ ಬೆಳಕು ಆರಿತು. ಒಳಗೆ ಯಾರೋ ಭಾರವಾದ ಮೇಜನ್ನು ನೆಲದ ಮೇಲೆ ಎಳೆಯುತ್ತಿದ್ದಾರೆ."

ಈಗ ಮೇಜಿನ ಸುತ್ತ ಎಲ್ಲರೂ ಮುಂದಕ್ಕೆ ಬಾಗಿರುತ್ತಾರೆ. ಕಳ್ಳನ ಪಾತ್ರ ಮಾಡುತ್ತಿದ್ದ ಗೆಳೆಯ ಕೇಳಿದ: "ಆ ಬಿರುಕಿನಲ್ಲಿ ಹಾರೆ ತೂರಿಸಿ ಅಗುಳಿಯನ್ನು ಮೇಲಕ್ಕೆ ಎತ್ತಬಹುದೇ?" ಎತ್ತಬಹುದು. ಡಿಸಿ 10, ಹಾರೆ ಇರುವುದರಿಂದ ಅಡ್ವಾಂಟೇಜ್. 6 ಮತ್ತು 13 ಬಿದ್ದವು, ಅಗುಳಿ ಆಚೆ ಬದಿಗೆ ಉರುಳಿತು, ಮೇಜು ಬಾಗಿಲಿಗೆ ಒತ್ತುವ ಮುನ್ನವೇ ಯೋಧೆ ಕದ ತಳ್ಳಿ ಒಳಗಿದ್ದಳು. ಬಾಗಿಲಿನ ಹಿಟ್ ಪಾಯಿಂಟ್ ಇನ್ನೂ 7 ಇತ್ತು. ಅದು ಸೊನ್ನೆಗೆ ಇಳಿಯಲೇ ಇಲ್ಲ, ಇಳಿಯಬೇಕಾಗಿಯೂ ಇರಲಿಲ್ಲ. ಅರ್ಧ ಒಡೆದ ಬಾಗಿಲು ಹೊಸ ದಾರಿಗಳನ್ನು ಕೊಡಬೇಕು: ಬಿರುಕಿನಲ್ಲಿ ನೋಡಬಹುದು, ಬಾಣ ಬಿಡಬಹುದು, ಒಳಗಿನವರು ಈಟಿ ಚುಚ್ಚಲೂಬಹುದು. ಪ್ರತಿ ಮುಖ್ಯ ಬಾಗಿಲಿಗೂ ಅರ್ಧದಲ್ಲಿ ಏನಾಗುತ್ತದೆ ಎಂದು ಯೋಚಿಸಿಟ್ಟುಕೊಳ್ಳಿ.

ಏಳನೆಯ ಹೆಜ್ಜೆ: ಸೋಲಿಗೂ ಅರ್ಥವಿರಲಿ

ಒಂದೇ ಏಟಿನ ವಿಧಾನದಲ್ಲಿ ಸೋತರೆ ಏನು? "ಏನೂ ಆಗಲಿಲ್ಲ" ಎಂಬ ಉತ್ತರವನ್ನು ನಾನು ಪೂರ್ತಿ ಬಿಟ್ಟುಬಿಟ್ಟಿದ್ದೇನೆ. ಅಡ್ವಾನ್ಸ್ಡ್ ಡಿ&ಡಿಯಲ್ಲಿ ಕಂಬಿ ಬಗ್ಗಿಸುವುದಕ್ಕೆ, ಮೇಲಿನಿಂದ ಇಳಿಬಿಟ್ಟ ಕಬ್ಬಿಣದ ಜಾಲರಿ ಎತ್ತುವುದಕ್ಕೆ ಒಬ್ಬರಿಗೆ ಒಂದೇ ಅವಕಾಶ. ಸೋತರೆ ಆ ಕಂಬಿ ನಿಮ್ಮ ಬಲಕ್ಕೆ ಮೀರಿದ್ದು, ಬೇರೆ ದಾರಿ ನೋಡಿ. ಕಠಿಣವಾದರೂ ಪ್ರಾಮಾಣಿಕ ನಿಯಮ.

ನನ್ನ ಮೇಜಿನಲ್ಲಿ ಬಲದ ದಾಳ ಒಮ್ಮೆ ಮಾತ್ರ. ಸೋತರೆ ಆಟಗಾರರ ಮುಂದೆ ಆಯ್ಕೆ ಇಡುತ್ತೇನೆ. ಹತ್ತು ನಿಮಿಷ ಕಳೆದು ತೆರೆಯುತ್ತೀರೋ, ಸುತ್ತಲಿನವರಿಗೆಲ್ಲ ಕೇಳಿಸುವಂತೆ ತೆರೆಯುತ್ತೀರೋ, ಹಾರೆಯೋ ಭುಜವೋ ಪೆಟ್ಟಾಗಿ ತೆರೆಯುತ್ತೀರೋ, ಇಲ್ಲ ಬಿಟ್ಟು ಹೋಗುತ್ತೀರೋ? ಭುಜ ಎಂದರೆ ನಾಲ್ಕು ಮುಖದ ದಾಳದ ಹಾನಿ. ಬೆಲೆ ತೆರುವವರೇ ಬೆಲೆಯನ್ನು ಆರಿಸಿಕೊಳ್ಳುವುದರಿಂದ ಯಾರೂ ಗೊಣಗುವುದಿಲ್ಲ. ಎಲ್ಲ ಬಾಗಿಲಿಗೂ ಇದು ಸಲ್ಲದು. ಬಲದಿಂದ ತೆರೆಯಲು ಸಾಧ್ಯವೇ ಇಲ್ಲದ ಬಾಗಿಲಾದರೆ ದಾಳ ಕೊಡಬೇಡಿ, "ಇದು ನಿಮ್ಮ ಬಲಕ್ಕೆ ಸೋಲುವುದಿಲ್ಲ ಎಂದು ಮುಟ್ಟಿದಾಗಲೇ ಗೊತ್ತಾಗುತ್ತದೆ" ಎಂದು ಹೇಳಿಬಿಡಿ.

ಎಂಟನೆಯ ಹೆಜ್ಜೆ: ಪೆಟ್ಟಿಗೆ, ಸರಪಳಿ, ಗುರಾಣಿ

ಹಗ್ಗ, ಸರಪಳಿ, ಕೈಕೋಳಗಳಿಗೆ ಪುಸ್ತಕದ ಅಂಕಗಳು ಸಾಕು. 2014ರ ನಿಯಮದಲ್ಲಿ ಹಗ್ಗಕ್ಕೆ ಹಿಟ್ ಪಾಯಿಂಟ್ 2, ಹರಿಯಲು ಡಿಸಿ 17. ಸರಪಳಿಗೆ 10 ಮತ್ತು ಡಿಸಿ 20. ಕೈಕೋಳಕ್ಕೆ 15 ಮತ್ತು ಡಿಸಿ 20.

ಪೆಟ್ಟಿಗೆ ಬೇರೆ ಕಥೆ. ಅದನ್ನು ಒಡೆಯುವುದು ಸುಲಭ, ಒಳಗಿರುವುದನ್ನು ಉಳಿಸಿಕೊಳ್ಳುವುದು ಕಷ್ಟ. ಔಷಧದ ಸೀಸೆ ಇದ್ದರೆ ಸುತ್ತಿಗೆಯ ಪ್ರತಿ ಏಟಿಗೂ ಆರು ಮುಖದ ದಾಳ ಉರುಳಿಸಿ, 1 ಅಥವಾ 2 ಬಿದ್ದರೆ ಒಂದು ಸೀಸೆ ಒಡೆಯಿತು. ಪೆಟ್ಟಿಗೆಯ ಸಂದಿನಿಂದ ನೀಲಿ ದ್ರವ ತೊಟ್ಟಿಕ್ಕುವುದನ್ನು ವರ್ಣಿಸಿದರೆ ಸಾಕು, ಮುಂದಿನ ಸಲ ಬೀಗ ತೆರೆಯುವ ಕುಶಲತೆ ಇರುವವರನ್ನು ಅವರೇ ಮುಂದೆ ಕರೆಯುತ್ತಾರೆ.

ಕೈಯಲ್ಲಿ ಹಿಡಿದ, ಮೈಮೇಲೆ ತೊಟ್ಟ ವಸ್ತುಗಳ ವಿಷಯದಲ್ಲಿ ಎಚ್ಚರ ಬೇಕು. 3.5ರಲ್ಲಿ ಎದುರಾಳಿಯ ಆಯುಧ ಮುರಿಯುವ ನಿಯಮ ಇದೆ, ಮಾಂತ್ರಿಕ ಆಯುಧಕ್ಕೆ ಪ್ರತಿ ಒಂದು ಅಂಕದ ವರ್ಧನೆಗೆ ಗಡಸುತನ 2, ಹಿಟ್ ಪಾಯಿಂಟ್ 10 ಹೆಚ್ಚು. ಪಾತ್‌ಫೈಂಡರ್‌ನಲ್ಲಿ ಗುರಾಣಿಯೇ ಹಾನಿ ತಡೆದುಕೊಂಡು ಮುರಿಯಬಲ್ಲದು: ಉಕ್ಕಿನ ಗುರಾಣಿಗೆ ಗಡಸುತನ 5, ಹಿಟ್ ಪಾಯಿಂಟ್ 20. ಆಟಗಾರರು ವರ್ಷವಿಡೀ ಕಾಪಾಡಿಕೊಂಡ ಕತ್ತಿಯನ್ನು ಒಂದು ಏಟಿಗೆ ಮುರಿಯುವ ಮುನ್ನ, ಅಂಥ ನಿಯಮ ಜಾರಿಯಲ್ಲಿದೆ ಎಂದು ಅವರಿಗೆ ಗೊತ್ತಿರಬೇಕು.

ಒಂಬತ್ತನೆಯ ಹೆಜ್ಜೆ: ಮಂತ್ರ ಬಂದಾಗ

ಮಂತ್ರದ ಬೀಗ 2014ರ ಐದನೆಯ ಆವೃತ್ತಿಯಲ್ಲಿ ಒಡೆಯುವ ಮತ್ತು ಬೀಗ ತೆರೆಯುವ ಡಿಸಿಗೆ 10 ಸೇರಿಸುತ್ತದೆ. ಬೀಗ ತೆರೆಸುವ 'ನಾಕ್' ಮಂತ್ರ ಅದನ್ನು ಹತ್ತು ನಿಮಿಷ ಸುಮ್ಮನಾಗಿಸುತ್ತದೆ, ಆದರೆ 300 ಅಡಿ ದೂರಕ್ಕೆ ಕೇಳುವಂತೆ ಬಡಿಯುತ್ತದೆ. ಎಂಥ ಸೊಗಸಾದ ನಿಯಮ! ಬಾಗಿಲು ಸುಲಭವಾಗಿ ತೆರೆಯಿತು, ಬೆಲೆ ಸದ್ದಿನ ರೂಪದಲ್ಲಿ ಬಂತು. 'ಶ್ಯಾಟರ್' ಮಂತ್ರ ಎಂಟು ಮುಖದ ಮೂರು ದಾಳದಷ್ಟು ಗುಡುಗಿನ ಹಾನಿ ಮಾಡುತ್ತದೆ, ಯಾರೂ ಹಿಡಿದಿರದ ಸಾಧಾರಣ ವಸ್ತುಗಳಿಗೂ ತಾಗುತ್ತದೆ. ಹತ್ತು ಅಡಿ ವ್ಯಾಪ್ತಿಯಲ್ಲಿ ಬಾಗಿಲಿನ ಜೊತೆ ಆ ಪೆಟ್ಟಿಗೆಯ ಸೀಸೆಗಳೂ ಇದ್ದರೆ ಅವುಗಳ ಗತಿ ಹೇಳಬೇಕಾಗಿಲ್ಲ.

ಅಡಮಂಟೈನ್ ಆಯುಧ ಸಿಕ್ಕಿದ ದಿನ ಆಟಗಾರರು ಬಾಗಿಲುಗಳನ್ನು ಬಿಟ್ಟು ಗೋಡೆ ಕೊರೆಯಲು ಹೊರಡುತ್ತಾರೆ. 3.5ರಲ್ಲಿ ಅದು 20ಕ್ಕಿಂತ ಕಡಿಮೆ ಗಡಸುತನವನ್ನು ಲೆಕ್ಕಕ್ಕೇ ಇಡುವುದಿಲ್ಲ. ತಡೆಯಬೇಡಿ, ಅದು ಅವರು ಗಳಿಸಿದ ಶಕ್ತಿ. ಒಂದು ಅಡಿ ದಪ್ಪದ ಕಲ್ಲಿಗೆ ಅಂಗುಲಕ್ಕೆ 15ರಂತೆ 180 ಹಿಟ್ ಪಾಯಿಂಟ್ ಎಂದು ಲೆಕ್ಕ ಹಾಕಿ, ಪ್ರತಿ ಏಟಿನ ಸದ್ದಿಗೆ ದಾಳ ಇಡಿ, ಮೇಲಿನ ಚಾವಣಿಯನ್ನು ಯಾವ ಗೋಡೆ ಹೊತ್ತಿದೆ ಎಂದು ನಿಮ್ಮ ನಕ್ಷೆಯಲ್ಲಿ ನೋಡಿಕೊಳ್ಳಿ.

ಒಡೆದ ಮೇಲೆ

ಒಡೆದ ಬಾಗಿಲು ಮತ್ತೆ ಮುಚ್ಚುವುದಿಲ್ಲ. ಓಡಿಬರುವಾಗ ಬೆನ್ನಟ್ಟಿದವರನ್ನು ತಡೆಯಲು ಅದೇ ಬಾಗಿಲು ಬೇಕಾಗಬಹುದು. ನಕ್ಷೆಯಲ್ಲಿ ಅದರ ಮೇಲೆ ಕೆಂಪು ಗೆರೆ ಎಳೆದು ದಿನಾಂಕ ಬರೆಯಿರಿ. ಮುಂದಿನ ವಾರ ಅದೇ ಓಣಿಗೆ ಮರಳಿದಾಗ ಚೂರುಗಳನ್ನು ಯಾರೋ ಗುಡಿಸಿ ಮೂಲೆಗೆ ಸರಿಸಿರಲಿ, ಹೊಸ ಹಲಗೆಗಳನ್ನು ಒಳಗಿನಿಂದ ಮೊಳೆ ಹೊಡೆದು ಕೂರಿಸಿರಲಿ, ಈ ಸಲ ಕೀಲು ಆಚೆ ಬದಿಗೆ ಹೋಗಿರಲಿ.